ಹತ್ತು ಕಿಲೋ ಒಳಗೆ

ಆರಂಭರಾಯರಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಇದೆ. ಅಲ್ಲಿ ಬಿಟ್ಟರೆ ಅದಕ್ಕೆ ಬೇರೆಲ್ಲೂ ಬಳಕೆಯಿಲ್ಲ. ಕಂಡದ್ದನ್ನೆಲ್ಲ ಶುರು ಮಾಡುವುದು, ಶುರು ಮಾಡಿದ್ದನ್ನೆಲ್ಲ ನಡುನೀರಿನಲ್ಲಿ ಕೈಬಿಡುವುದು, ಈ ಎರಡು ಗುಣಗಳನ್ನು ಮೆಚ್ಚಿ ಕಚೇರಿಯವರು ಈ ಬಿರುದು ಕೊಟ್ಟರು. ಮನೆಯವರು ಯಾವ ತಕರಾರೂ ಇಲ್ಲದೆ ಅದನ್ನು ಒಪ್ಪಿಕೊಂಡರು. ಪಿಟೀಲು ಕಲಿಯುತ್ತೇನೆಂದು ತಂದದ್ದು ಮೂರು ಪಾಠಕ್ಕೆ ನಿಂತಿತು, ಈಗ ಅದರ ಪೆಟ್ಟಿಗೆಯಲ್ಲಿ ಹೆಂಡತಿ ಬೆಳ್ಳುಳ್ಳಿ ಇಡುತ್ತಾಳೆ. ಈಜು ಕಲಿಯುವ ಕೆಲಸ ಚಡ್ಡಿ ಕೊಳ್ಳುವವರೆಗೆ ಬಂದು ಮುಗಿಯಿತು. ತಾರಸಿಯ ಮೇಲೆ ತೋಟ ಮಾಡಲೆಂದು ಐದು ಮಹಡಿ ಹೊತ್ತು ತಂದ ಮಣ್ಣು ಇವತ್ತಿಗೂ ಮಣ್ಣಾಗಿಯೇ ಇದೆ.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಮಗಳು ಪದವಿ ಮುಗಿಸಿದ ಸಂತೋಷಕ್ಕೆ ಮನೆಯಲ್ಲಿ ನಾಲ್ಕು ಜನ ಸೇರಿದ್ದ ದಿನ, ವಕೀಲನಾದ ಬಾಮೈದ ಕೈತೊಳೆಯುತ್ತಾ ಒಂದು ಮಾತು ಎಸೆದ. "ನಮ್ಮ ಭಾವ ಜೀವನದಲ್ಲಿ ಪೂರ್ತಿ ಮುಗಿಸಿದ್ದು ಅಂದ್ರೆ ಊಟ ಒಂದೇ ನೋಡಿ." ಎಲ್ಲರೂ ನಕ್ಕರು. ಅದಕ್ಕೆ ರಾಯರಿಗೆ ಬೇಸರವಾಗಲಿಲ್ಲ. ಆದರೆ ಎಲ್ಲರಿಗಿಂತ ಜಾಸ್ತಿ ಹೊತ್ತು ನಕ್ಕವಳು ಹೆಂಡತಿ. ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೇನು ನಿಂತಿತು ಅನ್ನುವಾಗ ಮತ್ತೆ ಶುರು ಮಾಡಿದಳು. ರಾಯರಿಗೆ ಆ ಎರಡನೇ ನಗು ನಾಟಿತು. ಸಾಯುವುದರೊಳಗೆ ಒಂದೇ ಒಂದು ಕೆಲಸವನ್ನು ತುದಿ ಮುಟ್ಟಿಸಿ ಇವಳ ಮುಂದೆ ಬಂದು ನಿಲ್ಲಬೇಕು ಎಂದು ಅವತ್ತೇ ನಿಶ್ಚಯ ಮಾಡಿದರು. ತುದಿ ಎನ್ನುವುದು ಕಣ್ಣಿಗೆ ಕಾಣುವಂಥ ಕೆಲಸ ಯಾವುದಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಬೆಟ್ಟ.

ಸಣ್ಣಪುಟ್ಟ ಬೆಟ್ಟವಲ್ಲ. ಮೋಡ ಕಾಲ ಕೆಳಗೆ ಬರುವ, ಹಿಮ ಬೀಳುವ, ಉಸಿರಾಡಲು ಗಾಳಿಯೂ ಅರೆಪಾಲು ಮಾತ್ರ ಸಿಗುವ ಬೆಟ್ಟ. ಐವತ್ತು ದಾಟಿದವರನ್ನು ಅಲ್ಲಿಗೆ ಹತ್ತಿಸುವ ಒಂದು ಸಂಘವಿತ್ತು. ಸಂಘದ ತರಬೇತಿಯಾಕೆ ರಾಯರ ಅರ್ಧ ವಯಸ್ಸಿನವಳು, ಅವರ ಎರಡರಷ್ಟು ಗಟ್ಟಿ. ಅವಳ ಕಟ್ಟಳೆ ಎರಡೇ. ಹೊರಡುವ ದಿನದವರೆಗೆ ದಿನಾ ಬೆಳಗ್ಗೆ ಭಾರದ ಚೀಲ ಹೊತ್ತು ಮೆಟ್ಟಿಲು ಹತ್ತಿಳಿಯಬೇಕು. ಹೊರಡುವ ದಿನ ಮಾತ್ರ ಚೀಲದ ತೂಕ ಹತ್ತು ಕಿಲೋ ದಾಟಬಾರದು.

ಮೊದಲ ಸಲ ರಾಯರ ಚೀಲ ತಕ್ಕಡಿಗೆ ಹತ್ತಿದಾಗ ಮುಳ್ಳು ಹತ್ತೊಂಬತ್ತಕ್ಕೆ ಹೋಗಿ ಅಲ್ಲೇ ನಡುಗುತ್ತಾ ನಿಂತಿತು. ತರಬೇತಿಯಾಕೆ ಒಂದೊಂದಾಗಿ ಹೊರಗೆ ತೆಗೆದಳು. ಮೂರು ಟಾರ್ಚು. ಎರಡು ಕೊಡೆ. ಬಿಸಿನೀರಿನ ಚೀಲ. ತಲೆದಿಂಬು. ಇಸ್ತ್ರಿಪೆಟ್ಟಿಗೆ.

"ಸಾರ್, ಇದೇನು ಸೊಳ್ಳೆಪರದೆ? ಮೇಲೆ ಸೊಳ್ಳೆ ಇರಲ್ಲ."

"ಒಂದು ವೇಳೆ ಇದ್ರೆ?"

"ಅಷ್ಟು ಎತ್ತರ ಹತ್ಕೊಂಡು ಬಂದ ಸೊಳ್ಳೆಗೆ ಮರ್ಯಾದೆಯಿಂದ ಸ್ವಲ್ಪ ರಕ್ತ ಕೊಡ್ಬೇಕು ಸಾರ್," ಎಂದಳು. "ಬಿಡೋದು ಕಲೀರಿ. ಬೆಟ್ಟ ಹತ್ತೋದು ಸುಲಭ, ಸಾಮಾನು ಬಿಡೋದು ಕಷ್ಟ."

ಬಿಡುವುದರಲ್ಲೇ ಹೆಸರು ಮಾಡಿದ ಮನುಷ್ಯನಿಗೆ ಒಂದು ಕೊಡೆ ಬಿಡಲು ಒಂದು ವಾರ ಹಿಡಿಯಿತು. ಹದಿನಾರಕ್ಕಿಂತ ಕೆಳಗೆ ಚೀಲ ಇಳಿಯಲೇ ಇಲ್ಲ.

ಈ ಸಲ ರಾಯರು ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿ ಹೇಳಿ ತಾನೇ ಮರ್ಯಾದೆ ಹೋದದ್ದು? ಹೊರಡುವ ಬೆಳಗ್ಗೆ ಹೇಳುವುದು, ಹತ್ತಿ ಬಂದು ತೋರಿಸುವುದು. ಅದಕ್ಕೇ ಬೆಟ್ಟದ ಬಟ್ಟೆಬರೆಯನ್ನೆಲ್ಲ ಕಚೇರಿಯ ಬೀರುವಿನಲ್ಲಿ ಮುಚ್ಚಿಟ್ಟರು. ಖಾಲಿ ಚೀಲಕ್ಕೆ ಅಭ್ಯಾಸದ ಭಾರ ಬೇಕಲ್ಲ, ಅದನ್ನು ಕಚೇರಿಯೇ ಕೊಟ್ಟಿತು. ಅವರದು ನೀರು ಸರಬರಾಜು ಕಚೇರಿಯ ಕೆಟ್ಟ ಮೀಟರುಗಳ ವಿಭಾಗ. ಮನೆಮನೆಯಿಂದ ಕಿತ್ತು ತಂದ ಹಿತ್ತಾಳೆ ಮೀಟರುಗಳು ಅಲ್ಲಿ ಮೊಣಕಾಲುದ್ದ ಬಿದ್ದಿದ್ದವು. ಸಂಜೆ ಏಳೆಂಟು ಮೀಟರು ಚೀಲಕ್ಕೆ ತುಂಬಿಕೊಂಡು ಬರುವುದು, ಬೆಳಗ್ಗೆ ಹೊತ್ತು ಹತ್ತಿಳಿಯುವುದು, ಆಮೇಲೆ ಕಚೇರಿಗೆ ಒಯ್ದು ಇದ್ದ ಜಾಗದಲ್ಲೇ ಇಡುವುದು. ಸಾರ್ವಜನಿಕರ ಸ್ವತ್ತು ಮನೆಯಲ್ಲಿ ಉಳಿಯಬಾರದೆಂಬ ನಿಯಮವನ್ನು ರಾಯರು ಒಂದು ದಿನವೂ ಮುರಿಯಲಿಲ್ಲ. ಸಂಜೆಯಿಂದ ಬೆಳಗಿನವರೆಗೆ ಚೀಲ ತಾರಸಿಯಲ್ಲಿ ತೋಟದ ಮಣ್ಣಿನ ಹಿಂದೆ ಇರುತ್ತಿತ್ತು. ಆ ಮಣ್ಣೂ ಕೊನೆಗೆ ಒಂದು ಉಪಯೋಗಕ್ಕೆ ಬಂತು.

ಕೆಳಗಿನ ಮನೆಯಲ್ಲಿ ಕಿಟಕಿಯಮ್ಮ ಇದ್ದಳು. ಆಕೆಗೆ ನಿದ್ದೆ ಕಡಿಮೆ, ಕುತೂಹಲ ಜಾಸ್ತಿ. ಬೆಳಕು ಹರಿಯುವ ಮೊದಲೇ ಮೇಲಿನ ಮನೆಯ ಯಜಮಾನ ದಪ್ಪ ಬೂಟು ಹಾಕಿಕೊಂಡು, ದೊಡ್ಡ ಚೀಲ ಬೆನ್ನಿಗೇರಿಸಿ, ಬೀದಿಬಾಗಿಲವರೆಗೆ ಬಂದು, ಅಲ್ಲಿ ನಿಂತು ಏದುಸಿರು ಬಿಟ್ಟು, ಮತ್ತೆ ಮೇಲೆ ಹತ್ತುವುದನ್ನು ಆಕೆ ಕಂಡಳು. ಮರುದಿನವೂ ಕಂಡಳು. ನಾಲ್ಕನೇ ದಿನ ತಡೆಯಲಾಗದೆ ಕಿಟಕಿಯಿಂದಲೇ ಕೇಳಿದಳು.

"ಏನು ರಾಯರೇ, ಇಷ್ಟೊತ್ತಿಗೆ, ಚೀಲ ಹೊತ್ಕೊಂಡು?"

"ಏನಿಲ್ಲಮ್ಮ." ರಾಯರು ಉಸಿರು ಸಿಕ್ಕಷ್ಟು ಮಾತಾಡಿದರು. "ಅಭ್ಯಾಸ ಆಗ್ಲಿ ಅಂತ. ದಯವಿಟ್ಟು ಮೇಲೆ ನಮ್ಮನೆಯವಳಿಗೆ ಹೇಳ್ಬೇಡಿ."

ಹೇಳಬೇಡಿ ಎಂದ ಮೇಲೆ ಕಿಟಕಿಯಮ್ಮನಂಥವಳು ಹೇಳದೆ ಬದುಕುವುದು ಹೇಗೆ? ಹಾಲು ಕಾಯುವಷ್ಟು ಹೊತ್ತು ಮಾತ್ರ ಕಾದಳು. ಆಮೇಲೆ ಮೇಲೆ ಬಂದು ರಾಯರ ಹೆಂಡತಿಯ ಕಿವಿಗೆ ಹಾಕಿದಳು. "ನಿಮ್ಮೆಜಮಾನ್ರು ಮನೆ ಬಿಟ್ಟು ಹೋಗೋದಕ್ಕೆ ಅಭ್ಯಾಸ ಮಾಡ್ತಿದಾರೆ ಕಣಮ್ಮ. ದಿನಾ ಬಾಗಿಲವರೆಗೆ ಹೋಗ್ತಾರೆ, ಮನಸ್ಸು ಗಟ್ಟಿಯಾಗಲ್ಲ, ವಾಪಸ್ ಬರ್ತಾರೆ. ಇವತ್ತು ಎರಡು ಸಲ ಬಂದಿದ್ರು."

ಹೆಂಡತಿ ಒಲೆಯ ಉರಿ ತಗ್ಗಿಸಿದಳು. "ಅದನ್ನೂ ಅರ್ಧಕ್ಕೇ ಬಿಡ್ತಾರೆ ಬಿಡಿ," ಎಂದಳು. ಆದರೂ ಮಧ್ಯಾಹ್ನ ತಮ್ಮನಿಗೆ ಫೋನು ಮಾಡಿದಳು.

ಭಾನುವಾರ ಬಾಮೈದ ಬಂದ. ವಕೀಲನಲ್ಲವೇ, ನೇರವಾಗಿ ಕೇಳುವ ಚಾಳಿಯಿಲ್ಲ. ರಾಯರನ್ನು ತಾರಸಿಗೆ ಕರೆದುಕೊಂಡು ಹೋಗಿ, ಮಣ್ಣಿನ ಗುಡ್ಡೆಯನ್ನು ಕಾಲಿನಿಂದ ಕೆದಕುತ್ತಾ ಶುರು ಮಾಡಿದ.

"ಯಾವಾಗ ಹೊರಡೋದು ಅಂತಿದೀರಿ ಭಾವ?"

ರಾಯರು ಥಟ್ಟನೆ ತಿರುಗಿದರು. ಬೆಟ್ಟದ ಗುಟ್ಟು ಬಯಲಾಗಿದೆ. "ನಿನಗೆ ಹೇಗೆ ಗೊತ್ತಾಯ್ತು?"

"ಎಲ್ಲರಿಗೂ ಗೊತ್ತು. ಅಕ್ಕನಿಗೂ ಗೊತ್ತು."

"ಏನಂದಳು?"

"ಹೋಗೋರನ್ನ ನಾನು ತಡೆಯಲ್ಲ ಅಂದಳು."

ರಾಯರ ಕಣ್ಣು ಮಂಜಾಯಿತು. ಇಷ್ಟು ದೊಡ್ಡ ಮನಸ್ಸಿನವಳನ್ನು ಇಷ್ಟು ದಿನ ತಪ್ಪು ತಿಳಿದಿದ್ದೆನಲ್ಲ ಎನಿಸಿತು. "ಮುಂದಿನ ಶನಿವಾರ," ಎಂದರು.

"ಒಬ್ಬರೇ ಹೋಗ್ತೀರೋ?"

"ಇಲ್ಲಪ್ಪ, ಹನ್ನೊಂದು ಜನ. ಆರು ಜನ ಹೆಂಗಸರೇ."

ಬಾಮೈದ ಕೆದಕುತ್ತಿದ್ದ ಕಾಲನ್ನು ಅಲ್ಲೇ ನಿಲ್ಲಿಸಿದ. ವಕೀಲಿ ವೃತ್ತಿಯಲ್ಲಿ ಅವನು ಬಹಳ ಕಂಡಿದ್ದ, ಈ ಲೆಕ್ಕ ಕಂಡಿರಲಿಲ್ಲ. "ಅಕ್ಕನಿಗೆ ಅಂತ ಏನು ಬಿಟ್ಟು ಹೋಗ್ತೀರಿ?"

"ಎಲ್ಲಾ ಬಿಟ್ಟೇ ಹೋಗ್ಬೇಕಪ್ಪ. ಹತ್ತು ಕಿಲೋ ಮೇಲೆ ಒಂದು ಕರ್ಚೀಫೂ ಒಯ್ಯೋ ಹಾಗಿಲ್ಲ. ಆಯಮ್ಮ ಬಿಡಲ್ಲ. ಬಹಳ ಸ್ಟ್ರಿಕ್ಟು."

"ಆಯಮ್ಮ," ಎಂದ ಬಾಮೈದ.

"ಚಿಕ್ಕ ವಯಸ್ಸು, ಆದ್ರೆ ಏನು ಶಕ್ತಿ ಅಂತೀಯ. ನನ್ನ ತಲೆದಿಂಬು ಕೂಡ ಕಿತ್ಕೊಂಡಳು."

ಬಾಮೈದ ಸ್ವಲ್ಪ ಹೊತ್ತು ಆಕಾಶ ನೋಡಿದ. ಆಮೇಲೆ ಹಿರಿಯರ ಮಾತಿನ ಮೊರೆ ಹೊಕ್ಕ. "ದೂರದ ಬೆಟ್ಟ ನುಣ್ಣಗೆ ಅಂತಾರೆ ಭಾವ. ಯೋಚನೆ ಮಾಡಿ."

"ಗೊತ್ತಪ್ಪ, ಗೊತ್ತು. ಬರೀ ಕಲ್ಲು. ಅದಕ್ಕೇ ಅಲ್ಲವಾ ಹೊಸ ಬೂಟು ತಗೊಂಡಿದ್ದು."

ಆ ವಾರ ಮನೆಯ ಗಾಳಿಯೇ ಬದಲಾಯಿತು. ಹೆಂಡತಿ ಅಡುಗೆಮನೆಯಲ್ಲಿ ಹಾಡು ಗುನುಗಿದಳು. ಮದುವೆಯಾದ ಹೊಸದರಲ್ಲಿ ಗುನುಗುತ್ತಿದ್ದಳು, ನಡುವೆ ಯಾವಾಗಲೋ ನಿಂತದ್ದನ್ನು ರಾಯರು ಗಮನಿಸಿರಲಿಲ್ಲ, ಈಗ ಮತ್ತೆ ಶುರುವಾದಾಗ ಗೊತ್ತಾಯಿತು. ಹಾಲಿನ ಕಿಟಕಿಗೆ ಹೊಸ ಪರದೆ ಬಂತು. ಹಳೆಯದು ಇನ್ನೂ ಚೆನ್ನಾಗಿತ್ತಲ್ಲ ಎಂದು ಕೇಳಿದರೆ, "ಇನ್ಮೇಲೆ ನನಗೆ ಇಷ್ಟವಾದ ಬಣ್ಣ ಇರ್ಲಿ ಅಂತ," ಎಂದಳು. ತನ್ನ ಗಂಡ ಬೆಟ್ಟ ಹತ್ತುತ್ತಾನೆಂಬ ಹೆಮ್ಮೆ ಹೆಂಗಸನ್ನು ಹೇಗೆ ಅರಳಿಸುತ್ತದೆ ನೋಡು ಎಂದು ರಾಯರು ಒಳಗೊಳಗೇ ಉಬ್ಬಿದರು. ಬೆಟ್ಟದ ಮಾತು ಅವಳೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಹೇಳದೆಯೇ ಅರ್ಥ ಮಾಡಿಕೊಂಡವಳ ಮುಂದೆ ಬಾಯಿಬಿಟ್ಟು ಕೆಡಿಸುವುದೇಕೆ?

ಮಗಳು ಅಕ್ಕಪಕ್ಕದ ಮಕ್ಕಳಿಗೆ ಹಾಲಿನಲ್ಲಿ ಕೂರಿಸಿ ಚಿತ್ರ ಬರೆಯುವುದನ್ನು ಹೇಳಿಕೊಡುತ್ತಿದ್ದಳು. ಅವಳೂ ಒಂದು ಸಂಜೆ ಬಂದು ನಿಂತಳು.

"ಅಪ್ಪ, ನೀವು ಹೋದ್ಮೇಲೆ ನಿಮ್ಮ ರೂಮಲ್ಲಿ ಕ್ಲಾಸು ಮಾಡ್ಲಾ? ಅಲ್ಲಿ ಬೆಳಕು ಚೆನ್ನಾಗಿದೆ."

"ಧಾರಾಳವಾಗಿ ಮಾಡಮ್ಮ."

"ಬೇಜಾರಿಲ್ಲ ತಾನೇ?"

"ಬೇಜಾರು ಯಾಕೆ? ಖಾಲಿ ಬಿದ್ದಿರೋದಕ್ಕಿಂತ ಒಳ್ಳೇದು."

ಮಗಳು ಅಪ್ಪನ ಮುಖವನ್ನೇ ನೋಡಿ, ಏನೋ ಹೇಳಬೇಕೆಂದುಕೊಂಡು, ಹೇಳದೆ ಅಳತೆಯ ಟೇಪು ತರಲು ಹೋದಳು.

ಇನ್ನು ಉಳಿದದ್ದು ಕಚೇರಿಯಿಂದ ರಜೆ ಪಡೆಯುವುದು. ಅದು ಹೇಗೆಂದು ರಾಯರು ತಲೆ ಕೆಡಿಸಿಕೊಂಡಿದ್ದಾಗ ಅದೃಷ್ಟ ತಾನಾಗಿಯೇ ಬಂದು ಕತ್ತಿನ ಪಟ್ಟಿ ಹಿಡಿಯಿತು. ಶುಕ್ರವಾರ ಬೆಳಗ್ಗೆ ಕಾವಲುಗಾರ ಗೇಟಿನಲ್ಲೇ ಚೀಲ ಬಿಚ್ಚಿಸಿದ. ಎಂಟು ಹಿತ್ತಾಳೆ ಮೀಟರುಗಳು ಸಾಹೇಬರ ಮೇಜಿನ ಮೇಲೆ ಸಾಲಾಗಿ ಕೂತವು. ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಇವನ್ನ ಮನೆಗೆ ಯಾಕೆ ಒಯ್ತೀರಿ?"

"ಹೊರೋದಕ್ಕೆ ಸಾರ್."

"ಹೊತ್ತು?"

"ವಾಪಸ್ ತರೋದಕ್ಕೆ ಸಾರ್."

"ನಡುವೆ ಏನು ಮಾಡ್ತೀರಿ?"

"ಮೆಟ್ಟಿಲು ಹತ್ತಿ ಇಳೀತೀನಿ ಸಾರ್."

ಸಾಹೇಬರಿಗೆ ತಲೆನೋವು ಬಂತು. "ನೋಡಿ, ಈ ಆಫೀಸಲ್ಲಿ ಕದ್ದು ಒಯ್ದೋರು ಬೇಕಾದಷ್ಟು ಜನ ಇದಾರೆ. ಅವರಿಗೆ ಏನು ಮಾಡ್ಬೇಕು ಅಂತ ನಿಯಮ ಇದೆ. ನಾಲ್ಕು ಜನ ಈಗ ಪ್ರಮೋಷನ್ ತಗೊಂಡು ಮೇಲೆ ಕೂತಿದಾರೆ. ಆದ್ರೆ ಒಯ್ದು ದಿನಾ ವಾಪಸ್ ತಂದಿಡೋನ್ನ ನಾನು ನೋಡಿಲ್ಲ. ಇದರ ಹಿಂದೆ ಏನೋ ದೊಡ್ಡದಿದೆ." ಕಾವಲುಗಾರ ಹೌದೆಂದು ತಲೆಯಾಡಿಸಿದ. "ವಿಚಾರಣೆ ಮುಗಿಯೋವರೆಗೆ ನೀವು ಆಫೀಸಿಗೆ ಕಾಲಿಡೋ ಹಾಗಿಲ್ಲ."

"ಎಷ್ಟು ದಿನ ಆಗ್ಬಹುದು ಸಾರ್?"

"ಹದಿನೈದು ದಿನ ಆದ್ರೂ ಬೇಕು."

"ಬಹಳ ಉಪಕಾರ ಆಯ್ತು ಸಾರ್," ಎಂದು ರಾಯರು ಕೈಮುಗಿದರು. ಸಾಹೇಬರಿಗೆ ಇದ್ದ ಅನುಮಾನ ಅಲ್ಲಿಗೆ ಗಟ್ಟಿಯಾಯಿತು. ಬೀರುವಿಗೂ ಬೀಗ ಬಿತ್ತು, ಚೀಲವೂ ಸಾಕ್ಷಿಯೆಂದು ಒಳಗೆ ಉಳಿಯಿತು. ಬರಿಗೈಯಲ್ಲಿ ಬೀದಿಗೆ ಬಂದ ಮೇಲೆ ರಾಯರಿಗೆ ಹೊಳೆಯಿತು. ಬೆಳಗಾದರೆ ಬಸ್ಸು, ರಜೆ ಏನೋ ಸಿಕ್ಕಿತು, ಮೈಮೇಲಿನ ಬಟ್ಟೆ, ಕಾಲಲ್ಲಿನ ಬೂಟು ಬಿಟ್ಟರೆ ಬೆಟ್ಟಕ್ಕೆ ಒಯ್ಯಲು ಏನೂ ಇಲ್ಲ.

ಮನೆಗೆ ಬಂದರೆ ಬಾಗಿಲು ತೆರೆದಿತ್ತು. ಅವರ ಮಂಚ ಮೆಟ್ಟಿಲ ಪಕ್ಕ ಗೋಡೆಗೆ ಒರಗಿ ನಿಂತಿತ್ತು. ಒಳಗೆ ಬಾಮೈದ, ಕಿಟಕಿಯಮ್ಮ, ಮಗಳು, ಹೆಂಡತಿ, ನಾಲ್ವರೂ ಕೂತಿದ್ದರು. ಬಾಗಿಲ ಹತ್ತಿರ ಒಂದು ಕೈಚೀಲ ಇತ್ತು.

"ನಿಮ್ಮ ಸಾಮಾನು," ಎಂದಳು ಹೆಂಡತಿ. "ಕಟ್ಟಿದೀನಿ."

ರಾಯರು ಚೀಲದ ಹತ್ತಿರ ಬಗ್ಗಿದರು. ದೇವರು ಕಣ್ಣುಬಿಟ್ಟ ಎಂದರೆ ಇದೇ. ಬೀರುವಿಗೆ ಬೀಗ ಬಿದ್ದ ಸುದ್ದಿ ಇವಳಿಗೆ ತಿಳಿದಿರಲು ಸಾಧ್ಯವಿಲ್ಲ, ಆದರೂ ಕಟ್ಟಿಟ್ಟಿದ್ದಾಳೆ. ಚೀಲ ಎತ್ತಿದರು. ಕೈ ತಾನಾಗಿಯೇ ಮೇಲಕ್ಕೆ ಹೋಯಿತು, ಅಷ್ಟು ಹಗುರ. ನಂಬಿಕೆಯಾಗದೆ ಅಡುಗೆಮನೆಯ ತೂಗುಕೊಕ್ಕೆ ತಂದು ನೇತುಹಾಕಿದರು. ನಾಲ್ಕೂವರೆ ಕಿಲೋ.

"ಒಂದು ತಿಂಗಳಿಂದ ಒದ್ದಾಡ್ತಿದೀನಿ, ಹದಿನಾರಕ್ಕಿಂತ ಕೆಳಗೆ ಇಳಿದಿಲ್ಲ. ನೀನು ಹೇಗೆ ಮಾಡ್ದೆ ಇದನ್ನ?"

"ಮಾಡೋದೇನು? ನಿಮ್ಮದು ಅನ್ನೋದನ್ನ ಹಾಕ್ದೆ."

"ಬೇಕಾದ್ದು ಮಾತ್ರ ಆರಿಸಿದೀಯ ಅನ್ನು."

"ಆರಿಸಿಲ್ಲ. ಎಲ್ಲಾನೂ ಹಾಕಿದೀನಿ. ಬೀರು ನೋಡ್ದೆ, ಅಟ್ಟ ನೋಡ್ದೆ, ಬಚ್ಚಲು ನೋಡ್ದೆ. ಇನ್ನು ಈ ಮನೇಲಿ ನಿಮ್ಮದು ಏನೂ ಉಳಿದಿಲ್ಲ."

ರಾಯರು ಚೀಲ ಬಿಚ್ಚಿದರು. ನಾಲ್ಕು ಅಂಗಿ, ಎರಡು ಪ್ಯಾಂಟು, ಒಂದು ಸ್ವೆಟರು. ಗಡ್ಡದ ಸಾಮಾನು, ಚಪ್ಪಲಿ, ಓದುವ ಕನ್ನಡಕ. ಹಾಕಿಕೊಳ್ಳದ ಈಜುಚಡ್ಡಿ. ಮೂವತ್ತು ವರ್ಷ ಬಾಳಿದ ಮನೆ, ಗೋಡೆಗೆ ಮೊಳೆ ಹೊಡೆದವರು ಅವರೇ, ಆ ಮನೆಯಿಂದ ಅವರನ್ನು ಪೂರ್ತಿ ತೆಗೆದರೆ ಒಂದು ಕೈಚೀಲ ತುಂಬುವುದಿಲ್ಲ. ಚೀಲದ ಬಾಯಿ ಹಿಡಿದುಕೊಂಡು ರಾಯರು ಬಹಳ ಹೊತ್ತು ಕೂತರು.

"ಪಿಟೀಲು?" ಎಂದು ಕೇಳಿದರು.

"ಅದರಲ್ಲಿ ಬೆಳ್ಳುಳ್ಳಿ ಇದೆ."

"ಬೆಟ್ಟಕ್ಕೆ ಪಿಟೀಲು ಬೇಡ ಬಿಡು," ಎಂದರು ರಾಯರು, ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾ.

"ಯಾವ ಬೆಟ್ಟ?" ಎಂದ ಬಾಮೈದ.

ಅಲ್ಲಿಂದ ಎಲ್ಲವೂ ಬಿಚ್ಚಿಕೊಂಡಿತು. ಸಂಘ, ತರಬೇತಿಯಾಕೆ, ಹತ್ತು ಕಿಲೋ, ಮೀಟರು, ಮೆಟ್ಟಿಲು. ರಾಯರು ಹೇಳುತ್ತಾ ಹೋದಂತೆ ಕೇಳುವವರ ಮುಖ ಒಂದೊಂದಾಗಿ ಇಳಿಯಿತು. ಕಿಟಕಿಯಮ್ಮನಿಗೆ ತನ್ನ ಮನೆಯಲ್ಲೇ ಕಳ್ಳತನವಾದಷ್ಟು ಸಂಕಟವಾಯಿತು. "ಬೆಟ್ಟ ಹತ್ತೋದಕ್ಕಾ," ಎಂದು ಎದ್ದು ಸೆರಗು ಕೊಡವಿದಳು. ಬಾಮೈದ ಯಾಕೆ ನಗುತ್ತಿಲ್ಲ ಎಂದು ರಾಯರು ಅವನ ಕಡೆ ನೋಡಿದರು. ಅವನು ಅಕ್ಕನ ಕಡೆ ನೋಡುತ್ತಿದ್ದ.

ರಾಯರೂ ಆಗ ಅವಳನ್ನು ನೋಡಿದರು. ಒಂದು ವಾರದಿಂದ ಅವಳ ಮುಖದಲ್ಲಿ ಬೆಳಗುತ್ತಿದ್ದದ್ದು ಏನು, ಯಾರ ಸಲುವಾಗಿ ಎಂಬುದು ಅದು ಆರುವಾಗ ಅವರಿಗೆ ತಿಳಿಯಿತು. ಹೊಸ ಪರದೆಯ ಕಡೆ ನೋಡಬೇಕೆನಿಸಲಿಲ್ಲ.

"ಅಷ್ಟೇನಾ," ಎಂದಳು.

"ಅಷ್ಟೇ," ಎಂದರು.

"ನಾನು ಇನ್ನೇನೋ ಅಂದ್ಕೊಂಡಿದ್ದೆ." ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತಳು. "ಹಾಗಾದ್ರೆ ಬಿಚ್ಚಿಡಲಾ?"

ಕೇಳಿದ್ದೇನೋ ಸರಿ. ಆದರೆ ಬಿಚ್ಚಿಡಲು ಯಾರೂ ಕೈ ಮುಂದೆ ಮಾಡಲಿಲ್ಲ. ಬಿಚ್ಚಿದರೂ ಇಡುವುದೆಲ್ಲಿ? ರಾಯರ ಕೋಣೆಯಲ್ಲಿ ಆಗಲೇ ಗಿಡ್ಡ ಮೇಜುಗಳು ಬಂದಿದ್ದವು, ಗೋಡೆಯ ತುಂಬ ಮಕ್ಕಳು ಬರೆದ ಸೂರ್ಯ, ಮನೆ, ಕೈಕೈ ಹಿಡಿದುಕೊಂಡ ಜನ.

"ಇರ್ಲಿ ಬಿಡು," ಎಂದರು ರಾಯರು. "ಹೇಗೂ ಕಟ್ಟಿ ಆಗಿದೆ. ನಾಳೆ ಬೆಳಗ್ಗೆ ಹೊರಡಬೇಕಲ್ಲ."

ಅಂದು ಅವರು ಹಾಲಿನಲ್ಲಿ, ಹೊಸ ಪರದೆಯ ಕೆಳಗೆ ಮಲಗಿದರು. ಬೆಳಗ್ಗೆ ಹೆಂಡತಿ ಬಾಗಿಲವರೆಗೆ ಬಂದಳು. "ಪೂರ್ತಿ ಹತ್ತೇ ಬನ್ನಿ," ಎಂದಳು. "ಅರ್ಧಕ್ಕೆ ಬಂದ್ರೆ ರೂಮಲ್ಲಿ ಮಕ್ಕಳಿರ್ತಾರೆ."

ಬೆಟ್ಟದ ಬುಡದಲ್ಲಿ ತರಬೇತಿಯಾಕೆ ಎಲ್ಲರ ಚೀಲ ತೂಗಿದಳು. ಒಬ್ಬರದು ಹನ್ನೆರಡು, ಒಬ್ಬರದು ಹದಿಮೂರು, ಅಳುವುದು, ಗೋಗರೆಯುವುದು. ರಾಯರ ಕೈಚೀಲ ತಕ್ಕಡಿಗೇರಿದಾಗ ಎಲ್ಲರೂ ಕತ್ತು ಚಾಚಿದರು. ಅವಳು ಮುಳ್ಳನ್ನು ಬಗ್ಗಿ ನೋಡಿ ಎದ್ದು ನಿಂತಳು.

"ಭೇಷ್ ಸಾರ್. ಚಳಿಬಟ್ಟೆ, ಮಲಗೋ ಚೀಲ ನಾವು ಬಾಡಿಗೆಗೆ ಕೊಡ್ತೀವಿ, ಸೇರಿಸಿದ್ರೂ ಹತ್ತರೊಳಗೇ ಬರುತ್ತೆ. ಯಾರು ಕಟ್ಟಿದ್ದು ಇದನ್ನ?"

"ನಮ್ಮನೆಯವಳು."

"ಅವರಿಗೆ ಬೆಟ್ಟದ ಅನುಭವ ಇರ್ಬೇಕು."

"ಬೆಟ್ಟದ್ದಿಲ್ಲಮ್ಮ," ಎಂದರು ರಾಯರು. "ನನ್ನ ಅನುಭವ ಇದೆ."

ಅವಳು ಆ ಚೀಲವನ್ನು ಎತ್ತಿ ಉಳಿದ ಹತ್ತು ಮಂದಿಗೆ ತೋರಿಸಿದಳು. ಬಿಡುವುದು ಎಂದರೆ ಏನೆಂದು ಇದನ್ನು ನೋಡಿ ಕಲಿಯಿರಿ ಎಂದಳು. ಅವರು ಚಪ್ಪಾಳೆ ತಟ್ಟಿದರು.

ಆರಂಭರಾಯರು ಅರ್ಧದಾರಿಯಲ್ಲಿ ಕೂತುಬಿಟ್ಟದ್ದು ನಿಜ. ಉಸಿರು ಸಿಕ್ಕದೆ, ಮುಖ ಕಪ್ಪಿಟ್ಟು, ವಾಪಸ್ಸು ಹೋಗುತ್ತೇನೆಂದು ಬಾಯಿಬಿಟ್ಟು ಹೇಳಿದರು. ಹೋಗಿ ಸಾರ್, ತಪ್ಪೇನಿಲ್ಲ ಎಂದು ತರಬೇತಿಯಾಕೆಯೂ ಒಪ್ಪಿದಳು. ಆಗ ಅವರಿಗೆ ಗಿಡ್ಡ ಮೇಜುಗಳು ನೆನಪಾದವು. ಯಾವುದೇ ಕೆಲಸವನ್ನು ಅರ್ಧಕ್ಕೆ ಬಿಡಬೇಕಾದರೂ ಮನುಷ್ಯನಿಗೆ ವಾಪಸ್ಸು ಹೋಗಲು ಒಂದು ಜಾಗ ಬೇಕಾಗುತ್ತದೆ. ಈ ಅನುಕೂಲ ಇಲ್ಲವಾದ್ದರಿಂದ ಎದ್ದು ಹತ್ತಿದರು. ಹೀಗೆ ಅವರ ಜೀವನದ ಮೊದಲ ಕೆಲಸ ಪೂರ್ತಿಯಾಯಿತು.

ತುದಿಯಲ್ಲಿ ಗಾಳಿ ಬೀಸುತ್ತಿತ್ತು. ಎಲ್ಲರೂ ಸರದಿಯಂತೆ ಮನೆಯವರೊಂದಿಗೆ ಮಾತಾಡಿ ಅಳುತ್ತಿದ್ದರು. ತರಬೇತಿಯಾಕೆ ತನ್ನ ದೊಡ್ಡ ಉಪಗ್ರಹ ಫೋನನ್ನು ರಾಯರ ಕೈಗೂ ಕೊಟ್ಟಳು. ಬಹಳ ಹೊತ್ತು ರಿಂಗಾದ ಮೇಲೆ ಹೆಂಡತಿ ಎತ್ತಿದಳು. ಹಿಂದೆ ಮಕ್ಕಳ ಗಲಾಟೆ.

"ಮುಗಿಸಿದೆ ಕಣೇ," ಎಂದರು ರಾಯರು.

"ಏನು ಮುಗಿಸಿದ್ರಿ?"

"ಬೆಟ್ಟ. ತುದೀಲಿ ನಿಂತಿದೀನಿ."

ಅವಳು ನಗಲಿಲ್ಲ. ಅದಕ್ಕೇ ಅಲ್ಲವೇ ಇಷ್ಟು ದೂರ ಹತ್ತಿ ಬಂದದ್ದು?

"ಒಳ್ಳೇದಾಯ್ತು," ಎಂದಳು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ಮಗಳಿಗೆ ಹೇಳಿದ್ದು, ಅಷ್ಟು ಎತ್ತರದಲ್ಲೂ ರಾಯರಿಗೆ ಸ್ಪಷ್ಟವಾಗಿ ಕೇಳಿಸಿತು.

"ಮಂಚ ನಿಮಗೆ ಕೊಡೋದಿಲ್ಲ ಅಂತ ಕಿಟಕಿಯಮ್ಮನಿಗೆ ಹೇಳ್ಬಿಡು. ವಾಪಸ್ ಬರ್ತಾರಂತೆ."